ಭಟ್ಟಿಯ ಕಾವು, ಪಪ್ಪಾನ ಡಬ್ಬಿ

"ಕಾಕಾ, ಆ ಆಂಟಿಗಿಂತ ಮೊದ್ಲು ಬಂದಾಕಿ ನಾನು. ಅವರ ಟ್ರೇ ಹೆಂಗ ಒಳಗ ಹೋತು?"

ಯಶ್ಮಿತಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೇಕರಿಯ ಭಟ್ಟಿಯ ಮುಂದೆ ನಿಂತಿದ್ದಳು. ಅಂಬಾರಾಯ ಕಾಕಾ ಉದ್ದ ಹಿಡಿಕೆಯ ಮರದ ಹಲಗೆಯ ಮೇಲೆ ನಾನ್‌ಖಟಾಯಿ ಬಿಸ್ಕೀಟಿನ ಟ್ರೇ ಇಟ್ಟು ಒಳಗೆ ತಳ್ಳುತ್ತಿದ್ದರು. ಬೆವರು ಒರೆಸಿಕೊಳ್ಳಲಿಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ.

"ಮೊದ್ಲು ಬಂದಾಕಿ ನೀನೇ, ಖರೆ," ಎಂದರು ಕಾಕಾ, ತಿರುಗಿ ನೋಡದೆ. "ಆದ್ರ ಯಾರು ಮೊದ್ಲು ಬಂದಾರಂತ ಭಟ್ಟಿ ಕೇಳಂಗಿಲ್ಲವ್ವ. ಅದರ ಕಾವು ಮೊದ್ಲು ನಾನ್‌ಖಟಾಯಿಗೆ ಹೊಂದ್ತದ. ಆಮ್ಯಾಲ ಕೇಕಿಗೆ."

"ಆಮ್ಯಾಲ ಅಂದ್ರ ಎಷ್ಟೊತ್ತಿಗೆ?"

"ಅದು ಇಳಿದಾಗ."

ಇದೂ ಒಂದು ಉತ್ತರವೇ ಎಂದು ಯಶ್ಮಿತಾಳಿಗೆ ಸಿಟ್ಟು ಬಂತು. ಶಾಲೆಯಲ್ಲಿ ಹೀಗೆ ಉತ್ತರ ಬರೆದರೆ ಟೀಚರ್ ಸೊನ್ನೆ ಸುತ್ತುತ್ತಾರೆ.

ಅಂದು ಡಿಸೆಂಬರ್ ಇಪ್ಪತ್ತಮೂರು. ಪುಣೆಯ ಖಡಕಿಯ ಆ ಗಲ್ಲಿಯಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಕೇಕಿನ ಹಿಟ್ಟು ಕಲಸುತ್ತಾರೆ. ಬೇಯಿಸುವುದು ಮಾತ್ರ ಬೇಕರಿಯ ಭಟ್ಟಿಯಲ್ಲಿ. ಟಿನ್ನಿನ ಮೇಲೆ ಕಾಕಾ ಸೀಮೆಸುಣ್ಣದಿಂದ ನಂಬರ್ ಬರೆಯುತ್ತಾರೆ. ನಾನ್‌ಖಟಾಯಿಯ ಟ್ರೇಗಳು ಬಲಗಡೆಯ ಗೋಡೆಗೆ, ಕೇಕಿನ ಟಿನ್ನುಗಳು ಎಡಗಡೆಯ ಗೋಡೆಗೆ ಸಾಲಾಗಿ ಕೂಡುತ್ತವೆ. ಕಟ್ಟಿಗೆ ಉರಿಸಿದ ಭಟ್ಟಿ ಅದು. ನಸುಕಿನಲ್ಲಿ ಧಗಧಗ ಕಾದಿರುವಾಗ ಪಾವ್ ಬೇಯುತ್ತದೆ. ಸ್ವಲ್ಪ ಇಳಿದ ಮೇಲೆ ನಾನ್‌ಖಟಾಯಿ. ಎಲ್ಲಕ್ಕಿಂತ ಕಡೆಗೆ, ಕಾವು ಮೆತ್ತಗಾದ ಮೇಲೆ, ಕೇಕು.

ಯಶ್ಮಿತಾ ಏಳು ಗಂಟೆಗೇ ಮೂರು ಟಿನ್ನು ತಂದಿದ್ದಳು. ಮಮ್ಮಿ ಬೆಳಗಿನ ಐದಕ್ಕೆ ಎದ್ದು ಹಿಟ್ಟು ಕಲಸಿಟ್ಟು ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದರು. ಅವರು ನರ್ಸ್. ಅಜ್ಜಿ ಮಾನಮ್ಮನಿಗೆ ಮೊಣಕಾಲು ನೋವು. ಹಾಗಾಗಿ ಈ ವರ್ಷ ಕೇಕಿನ ಜವಾಬ್ದಾರಿ ಐದನೇ ಕ್ಲಾಸಿನ ಯಶ್ಮಿತಾಳ ತಲೆಯ ಮೇಲೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದು ತಪ್ಪು. ಅವಳೇ ಹಟ ಹಿಡಿದು ಕೇಳಿ ಪಡೆದಿದ್ದಳು.

ಎರಡು ಟಿನ್ನು ದೊಡ್ಡವು. ಮೂರನೆಯದು ಟಿನ್ನೇ ಅಲ್ಲ, ಒಂದು ಹಳೆಯ ಅಲ್ಯೂಮಿನಿಯಂ ಡಬ್ಬಿ. ಪಪ್ಪಾ ಚಿಕ್ಕವರಿದ್ದಾಗ ಯಾದಗಿರಿಯಲ್ಲಿ ಶಾಲೆಗೆ ರೊಟ್ಟಿ ಒಯ್ಯುತ್ತಿದ್ದ ಡಬ್ಬಿ. ಪ್ರತಿವರ್ಷ ಪಪ್ಪಾನ ಪಾಲಿನ ಕೇಕು ಅದರಲ್ಲೇ ಬೇಯಬೇಕು.

ಇವತ್ತು ಆ ಪಪ್ಪಾ ಬರುವವರಿದ್ದರು.

ಪಪ್ಪಾ ಸೈನ್ಯದಲ್ಲಿ ಹವಾಲ್ದಾರ. ಹೆಸರು ಕಿಶೋರ. ಇರುವುದು ದೂರದ ಜಮ್ಮುವಿನ ಕಡೆ. ಯಶ್ಮಿತಾ ಅವರನ್ನು ಎದುರಿಗೆ ನೋಡಿ ಹದಿನಾಲ್ಕು ತಿಂಗಳಾಗಿತ್ತು. ಹೋದ ಕ್ರಿಸ್‌ಮಸ್‌ಗೆ ಬರಬೇಕಿತ್ತು, ರಜೆ ರದ್ದಾಯಿತು. ಮೇ ತಿಂಗಳಲ್ಲೂ ರದ್ದಾಯಿತು. ದೀಪಾವಳಿಯ ಹೊತ್ತಿಗೆ ಟಿಕೆಟ್ ಕೂಡ ಆಗಿತ್ತು, ಅದೂ ಕೈತಪ್ಪಿತು. ಇಂದು ಮಾತ್ರ ಪಪ್ಪಾ ನಿಜವಾಗಿಯೂ ರೈಲಿನಲ್ಲಿದ್ದರು. ರೈಲು ಪುಣೆ ಸ್ಟೇಷನ್‌ಗೆ ಹನ್ನೆರಡಕ್ಕೆ ಬರುತ್ತದೆ. ಮಮ್ಮಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಬಂದು ಯಶ್ಮಿತಾಳನ್ನು ಕರೆದುಕೊಂಡು ಹೋಗುತ್ತಾರೆ. ಪಪ್ಪಾ ರೈಲಿನಿಂದ ಇಳಿದ ತಕ್ಷಣ ಬಿಸಿಬಿಸಿ ಡಬ್ಬಿ ಅವರ ಕೈಗೆ ಕೊಡಬೇಕು. ಒಂದು ವಾರದಿಂದ ಯಶ್ಮಿತಾ ಕಣ್ಣು ಮುಚ್ಚಿದರೂ ತೆರೆದರೂ ಇದೇ ಕಾಣುತ್ತಿತ್ತು.

"ಹತ್ತೂವರಿಗೆ ಕೇಕ್ ಆಗ್ತದಲ್ರಿ ಕಾಕಾ?"

"ಇವತ್ತ ಕಟ್ಟಿಗಿ ಜಾಸ್ತಿ ಹಾಕೀನಿ. ಪಾವ್ ಡಬಲ್ ಇತ್ತು. ಕಾವು ಲಗೂ ಇಳಿಯಂಗಿಲ್ಲ." ಕಾಕಾ ಭಟ್ಟಿಯ ಬಾಯಿಗೆ ಕೈ ಹಿಡಿದು ಎಣಿಸಿದರು. ಒಂದು, ಎರಡು, ಮೂರು. ಎಂಟಕ್ಕೆ ಕೈ ಹಿಂದೆ ತೆಗೆದರು. "ನೋಡು, ಎಂಟು. ಎಂಟಕ್ಕ ನಾನ್‌ಖಟಾಯಿ. ಇಪ್ಪತ್ತೈದರ ತನಕ ಕೈ ನಿಂತ್ರ ಕೇಕು. ಇಡೋದೇ ಹತ್ತೂವರಿ ಆಗಬಹುದು."

ಇಡುವುದೇ ಹತ್ತೂವರೆ ಎಂದರೆ ತೆಗೆಯುವುದು ಹನ್ನೆರಡು. ಅಷ್ಟರಲ್ಲಿ ರೈಲು ಬಂದೇಬಿಡುತ್ತದೆ. ಎಡಗಡೆಯ ಸಾಲಿನಲ್ಲಿದ್ದ ಡಬ್ಬಿಯ ಪಕ್ಕದ ಮಣೆಯ ಮೇಲೆ ಅವಳು ಧಪ್ಪನೆ ಕೂತಳು.

ಕಾಯುವುದೆಂದರೆ ಯಶ್ಮಿತಾಳಿಗೆ ಮೊದಲಿನಿಂದಲೂ ಆಗದು. ಅವಳ ಪ್ರಾರ್ಥನೆ ಕೂಡ ಹಾಗೆಯೇ. "ದೇವರೇ, ಪಪ್ಪಾ ಬರಲಿ" ಎಂದು ಸುಮ್ಮನಾಗುವ ಹುಡುಗಿಯಲ್ಲ ಅವಳು. "ದೇವರೇ, ಪಪ್ಪಾ ಮೇ ಹತ್ತನೇ ತಾರೀಖಿನೊಳಗೆ ಬರಲಿ" ಎನ್ನುತ್ತಿದ್ದಳು. ಆ ತಾರೀಖು ದಾಟಿದರೆ ನೋಟ್‌ಬುಕ್ಕಿನಲ್ಲಿ ಅದನ್ನು ಹೊಡೆದುಹಾಕಿ ಇನ್ನೊಂದು ಬರೆಯುತ್ತಿದ್ದಳು. ಒಮ್ಮೆ ಅಜ್ಜಿ ಅದನ್ನು ನೋಡಿ ನಕ್ಕುಬಿಟ್ಟಿದ್ದರು.

"ದೇವ್ರಿಗೆ ಡೇಟ್ ಕೊಡ್ತಿ ಏನವ್ವ, ಗ್ಯಾಸ್ ಬುಕ್ ಮಾಡ್ದಂಗ?"

"ಮತ್ತ ಅವನಿಗೆ ನೆನಪಿರಬೇಕಲ ಅಜ್ಜಿ."

"ಅವನಿಗೆ ನೆನಪಿರ್ತದ. ಮರಿಯೋರು ನಾವು."

ಅಜ್ಜಿಯ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು. ಮಾನಮ್ಮಜ್ಜಿಯ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಅಜ್ಜಿ ಹೊತ್ತನ್ನು ಅಳೆಯುವುದು ಸತ್ಯವೇದದ ಇಪ್ಪತ್ತಮೂರನೇ ಕೀರ್ತನೆಯಿಂದ. ಕುರುಬನೊಬ್ಬ ತನ್ನ ಕುರಿಯನ್ನು ನಡೆಸಿಕೊಂಡು ಹೋಗುವ ಹಾಡು ಅದು. ಮೊದಲು ಹಸಿರು ಹುಲ್ಲು, ತಣ್ಣಗಿನ ನೀರು ಬರುತ್ತದೆ. ಆಮೇಲೆ ಕತ್ತಲೆಯ ಕಣಿವೆ. ಅದು ದಾಟಿದ ಮೇಲೆ ಊಟದ ಮೇಜು, ತುಂಬಿ ತುಳುಕುವ ಬಟ್ಟಲು. ಒಂದು ಸಲ ಹೇಳಿದರೆ ಕಾದ ಹಾಲು ಉಕ್ಕುವ ಹೊತ್ತು. ಆರು ಸಲ ಹೇಳಿದರೆ ಮೊಟ್ಟೆ ಬೇಯುವ ಹೊತ್ತು.

ಮೊಟ್ಟೆಯ ಕೆಲಸ ಯಶ್ಮಿತಾಳದು. ಅವಳು ಒಲೆಯ ಮುಂದೆ ನಿಂತು ಆರು ಸಲ ಹೇಳುತ್ತಿದ್ದಳು. ಆದರೆ ಕಣಿವೆಯ ಸಾಲು ಬಂದಾಗ ಮೆಲ್ಲಗೆ ಹಾರಿಸಿಬಿಡುತ್ತಿದ್ದಳು. ಅದು ಉದ್ದ, ಮೇಲಾಗಿ ಕತ್ತಲೆಯದು. ಹುಲ್ಲಿನಿಂದ ನೇರವಾಗಿ ಬಟ್ಟಲಿಗೆ ಹೋದರೆ ಬೇಗ ಮುಗಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ?

ಅಜ್ಜಿಗೆ ಗೊತ್ತಾಗುತ್ತಿತ್ತು. ಸಿಪ್ಪೆ ಒಡೆದರೆ ಹಳದಿ ಲೊಳಲೊಳ ಎನ್ನುತ್ತಿತ್ತು.

"ಇವತ್ತೂ ಕಣಿವಿ ಬಿಟ್ಟಿ," ಎನ್ನುತ್ತಿದ್ದರು ಅಜ್ಜಿ. "ಕಣಿವಿ ದಾಟಿದ ಮ್ಯಾಲೇ ಬಟ್ಟಲು ತುಂಬೋದು. ಕುರುಬ ಜೋಡಿಗೇ ಇರ್ತಾನಲ, ಅಂಜಿಕಿ ಯಾಕ ನಿನಗ?"

"ಅಂಜಿಕಿ ಇಲ್ಲ ಅಜ್ಜಿ. ಬ್ಯಾಸರ," ಎನ್ನುತ್ತಿದ್ದಳು ಯಶ್ಮಿತಾ. ಅವಳ ಬಾಯಿಗೆ ಬೀಗವಿಲ್ಲ.

ಈಗ ಬೇಕರಿಯ ಮಣೆಯ ಮೇಲೆ ಕೂತವಳಿಗೆ ಅದೇ ಬೇಸರ ಹತ್ತು ಪಟ್ಟಾಗಿತ್ತು. ಎದುರಿಗೆ ನಾನ್‌ಖಟಾಯಿಯ ಆಂಟಿ ಕೂಡ ಕಾಯುತ್ತಿದ್ದರು. ಅವರದು ಇನ್ನೂ ಎರಡು ಟ್ರೇ ಹೊರಗಿದ್ದವು. ಅವರು ನಕ್ಕು, "ಕಾಯ್ ಗ, ಅಜೂನ್ ಬಸ್ಲೀಸ್?" ಎಂದರು. ಏನೇ, ಇನ್ನೂ ಕೂತೇ ಇದ್ದೀಯಾ ಎಂದು ಮರಾಠಿಯಲ್ಲಿ ಪ್ರೀತಿಯಿಂದಲೇ ಕೇಳಿದ್ದರು. ಯಶ್ಮಿತಾಳಿಗೆ ಮಾತ್ರ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಅವಳು ಆ ಎರಡು ಟ್ರೇಗಳ ಕಡೆ ನೋಡಿದಳು. ಕೊನೆಯ ಟ್ರೇ ಅರ್ಧ ಖಾಲಿ ಇತ್ತು. ಒಂದು ಮೂಲೆಯಲ್ಲಿ ಡಬ್ಬಿ ಕೂಡುವಷ್ಟು ಜಾಗ.

ಬೇಡ ಎಂದಿತು ಮನಸ್ಸು. ಯಾಕೆ ಬೇಡ ಎಂದು ಅದೇ ಮನಸ್ಸು ಕೇಳಿತು. ಡಬ್ಬಿ ಚಿಕ್ಕದು, ಬೇಗ ಬೇಯುತ್ತದೆ. ದೊಡ್ಡ ಟಿನ್ನು ಬೇಕಾದರೆ ಮಧ್ಯಾಹ್ನ ಆಗಲಿ. ಹೆಚ್ಚು ಕಾವು ಇದ್ದರೆ ಇನ್ನೂ ಬೇಗ ಆಗುತ್ತದಲ್ಲ?

ಆಂಟಿ ಫೋನಿನಲ್ಲಿ ಮಾತಾಡುತ್ತಿದ್ದರು. ಕಾಕಾ ನೀರು ಕುಡಿಯಲು ಹಿಂದೆ ಹೋಗಿದ್ದರು. ಯಶ್ಮಿತಾ ಎದ್ದಳು. ಡಬ್ಬಿಯನ್ನು ಎತ್ತಿ ಟ್ರೇಯ ಮೂಲೆಯಲ್ಲಿಟ್ಟಳು. ತಿರುಗಿ ಬಂದು, ಏನೂ ಮಾಡದವಳ ಹಾಗೆ ಕಾಲು ಅಲ್ಲಾಡಿಸುತ್ತ ಕೂತಳು. ಕಣ್ಣು ಮಾತ್ರ ಆ ಟ್ರೇಯ ಮೇಲೇ ಇತ್ತು.

ಕಾಕಾ ಬಂದರು. ಬೆವರು ಕಣ್ಣಿಗಿಳಿದಿತ್ತು, ಹೊಗೆ ಮುಖಕ್ಕೆ ರಾಚುತ್ತಿತ್ತು. ಅಭ್ಯಾಸದ ಕೈಯಿಂದ ಒಂದು ಟ್ರೇ ತಳ್ಳಿದರು. ಅದರ ಹಿಂದೆಯೇ ಎರಡನೆಯದನ್ನೂ ತಳ್ಳಿ ಕಬ್ಬಿಣದ ಬಾಗಿಲು ಮುಚ್ಚಿದರು.

ಐದು ನಿಮಿಷ ಘಮಘಮ ಎಂದಿತು. ಹತ್ತು ನಿಮಿಷಕ್ಕೆ ಇನ್ನೊಂದು ವಾಸನೆ ಬಂತು. ಕಾಕಾ ಮೂಗು ಅರಳಿಸಿದರು. "ಇದೇನು ಸೀದ ವಾಸನಿ," ಎನ್ನುತ್ತ ಬಾಗಿಲು ತೆರೆದು ಟ್ರೇ ಎಳೆದರು.

ನಾನ್‌ಖಟಾಯಿಗೆ ಏನೂ ಆಗಿರಲಿಲ್ಲ. ಅವುಗಳ ಪಕ್ಕದಲ್ಲಿ ಪಪ್ಪಾನ ಡಬ್ಬಿ ಕೂತಿತ್ತು. ಅದರೊಳಗಿನ ಕೇಕು ಮೇಲೆ ಕಪ್ಪಗೆ ಇದ್ದಿಲಿನ ಹಾಗೆ ಸುಟ್ಟು, ನಡುವೆ ಬಿರುಕು ಬಿಟ್ಟಿತ್ತು. ಬಿರುಕಿನೊಳಗಿಂದ ಹಸಿ ಹಿಟ್ಟು ಬುಳುಬುಳು ಎಂದು ಹೊರಗೆ ಇಣುಕುತ್ತಿತ್ತು.

ಕಾಕಾ ಡಬ್ಬಿಯನ್ನು ನೋಡಿದರು. ಮೇಲಿನ ನಂಬರ್ ನೋಡಿದರು. ಆಮೇಲೆ ಯಶ್ಮಿತಾಳ ಕಡೆ ನೋಡಿದರು.

"ಇದನ್ಯಾರು ಇಲ್ಲಿ ಇಟ್ಟೋರು?"

ಯಶ್ಮಿತಾಳ ಬಾಯಿಗೆ ಬೀಗವಿಲ್ಲ ಎಂದು ಹೇಳಿದೆನಲ್ಲ, ಈಗ ದೊಡ್ಡ ಬೀಗವೇ ಬಿದ್ದಿತ್ತು. ಕಡೆಗೆ ಹೇಗೋ ತೆರೆದುಕೊಂಡಿತು. "ನಾನೇ ಕಾಕಾ," ಎಂದಳು. ಅಷ್ಟರಲ್ಲೇ ಅಳು ಬಂದುಬಿಟ್ಟಿತು. ನಾಚಿಕೆಯೂ ಆಯಿತು, ದುಃಖವೂ ಆಯಿತು. ದ್ರಾಕ್ಷಿಯನ್ನು ಅಜ್ಜಿ ಅಕ್ಟೋಬರ್‌ನಿಂದ ನೆನೆಹಾಕಿದ್ದರು. ಪಪ್ಪಾನ ಡಬ್ಬಿಗೆಂದು ಗೋಡಂಬಿ ಎರಡು ಹೆಚ್ಚು ಹಾಕಿದ್ದರು. ಎಲ್ಲವನ್ನೂ ಅವಳು ಹತ್ತು ನಿಮಿಷದಲ್ಲಿ ಸುಟ್ಟುಹಾಕಿದ್ದಳು.

ಕಾಕಾ ಬೈಯಲಿಲ್ಲ. ಡಬ್ಬಿಯನ್ನು ತಣ್ಣಗಾಗಲು ಪಕ್ಕಕ್ಕಿಟ್ಟರು. "ಮ್ಯಾಲ ಸುಟ್ಟದ, ಒಳಗ ಹಸಿ ಅದ. ಭಟ್ಟಿದೇನೂ ತಪ್ಪಿಲ್ಲ ಇದರಾಗ," ಎಂದರು. ಅಷ್ಟೇ ಹೇಳಿ ಆಂಟಿಯ ಟ್ರೇ ಕಟ್ಟಿಕೊಡಲು ಹೋದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಯಶ್ಮಿತಾಳಿಗೆ ಅನ್ನಿಸಿತು.

ಆಗಲೇ ಅವಳ ಫ್ರಾಕಿನ ಜೇಬಿನಲ್ಲಿದ್ದ ಅಜ್ಜಿಯ ಫೋನ್ ಬಡಿದುಕೊಂಡಿತು. ಮಮ್ಮಿ.

"ಯಶೂ, ಪಪ್ಪಾ ಫೋನ್ ಮಾಡಿದ್ರು. ದಾರಿಯಾಗ ರಾತ್ರಿ ಎಲ್ಲಾ ಭಾಳ ಮಂಜು ಇತ್ತಂತ. ಟ್ರೇನ್ ಲೇಟ್. ಸಂಜಿ ಐದರ ಮೊದ್ಲು ಬರಂಗಿಲ್ಲ. ನೀ ಗಡಿಬಿಡಿ ಮಾಡಬ್ಯಾಡ, ಆರಾಮ ಕೇಕ್ ತಗೊಂಡು ಮನಿಗೆ ಹೋಗು."

"ಐದು?" ಎಂದಳು ಯಶ್ಮಿತಾ.

"ಹೂಂ. ಯಾಕ, ದನಿ ಹಂಗ್ಯಾಕ ಅದ? ಅಳ್ಲಕತ್ತಿ ಏನು?"

"ಇಲ್ಲ ಮಮ್ಮಿ. ಭಟ್ಟಿ ಹೊಗಿ."

ಫೋನ್ ಇಟ್ಟು ಅವಳು ಮಣೆಯ ಮೇಲೆ ಕೂತಳು. ಐದು ಗಂಟೆ. ಅವಳು ಇಷ್ಟೆಲ್ಲ ಓಡಿ ಹೋಗಬೇಕೆಂದಿದ್ದ ಕಡೆ ಹನ್ನೆರಡಕ್ಕೆ ಯಾರೂ ಬರುವವರಿರಲಿಲ್ಲ. ಸುಮ್ಮನೆ ಕೂತಿದ್ದರೆ ಡಬ್ಬಿ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ಅವಳಿಗೆ ಮತ್ತೊಮ್ಮೆ ಅಳು ಬಂತು. ಸ್ವಲ್ಪ ಅತ್ತಳು, ಕಣ್ಣು ಒರೆಸಿಕೊಂಡಳು. ಎಡಗಡೆಯ ಸಾಲಿನಲ್ಲಿ ದೊಡ್ಡ ಟಿನ್ನು ಎರಡೂ ಇದ್ದ ಕಡೆಯೇ ಇದ್ದವು.

ಹತ್ತು ಗಂಟೆ ದಾಟಿತು. ಕಾಕಾ ಚಹಾ ಕುಡಿದು ಲೋಟ ಕೆಳಗಿಟ್ಟು, ಅವಳನ್ನೇ ನೋಡುತ್ತ ಕೇಳಿದರು.

"ಏನವ್ವ, ಕೇಕ್ ಇಡ್ಲೇನು ಈಗ?"

ಮೊದಲಾಗಿದ್ದರೆ ಅವಳು ಹೂಂ ಎನ್ನುತ್ತಿದ್ದಳು. ಈಗ ಭಟ್ಟಿಯ ಬಾಯಿಯನ್ನು ನೋಡಿದಳು. "ಕಾಕಾ, ನಾ ಒಂದ್ಸಲ ಕೈ ಹಿಡಿದು ನೋಡ್ಲಿ?"

ಕಾಕಾ ಅವಳ ಮುಂಗೈ ಹಿಡಿದು, ಬಾಯಿಯಿಂದ ಒಂದು ಗೇಣು ಈಚೆಗೇ ನಿಲ್ಲಿಸಿದರು. "ಸುಡ್ತು ಅಂದ ಕೂಡ್ಲೇ ತೆಗಿಬೇಕು. ಶಾಣ್ಯಾತನ ಮಾಡಬ್ಯಾಡ. ಎಣಿಸು."

ಯಶ್ಮಿತಾ ಎಣಿಸಲಿಲ್ಲ. ಅವಳ ಬಾಯಿಗೆ ಬಂದದ್ದು ಒಲೆಯ ಮುಂದೆ ಬರುವ ಕೀರ್ತನೆಯೇ. ಕುರುಬ ಬಂದ. ಹಸಿರು ಹುಲ್ಲು ಬಂತು. ತಣ್ಣಗಿನ ನೀರು ಬಂತು. ಕಣಿವೆಯ ಸಾಲು ಬಂದಾಗ ಅಂಗೈ ಚುರುಗುಟ್ಟಿತು. ಅವಳು ಚಟ್ಟನೆ ಕೈ ತೆಗೆದಳು.

"ಇಲ್ಲ ಕಾಕಾ. ಇನ್ನಾ ಕಣಿವಿಯಾಗೇ ಅದ. ಈಗ ಬ್ಯಾಡ."

ಕಾಕಾನಿಗೆ ಕಣಿವೆ ಯಾವುದು ಎಂದು ತಿಳಿಯಲಿಲ್ಲ. ಆದರೂ ತಲೆಯಾಡಿಸಿದರು. ತಾವೂ ಕೈ ಹಿಡಿದು ನೋಡಿ, "ಹದಿನಾರು. ಬರೋಬ್ಬರಿ ಹೇಳ್ದಿ," ಎಂದರು.

ಅವರಿಬ್ಬರೂ ಕಾದರು. ಕಾಕಾ ಟ್ರೇಗಳನ್ನು ಒರೆಸಿದರು. ಅವರು ಬೇಡ ಅಂದರೂ ಬಿಡದೆ ಯಶ್ಮಿತಾ ಅವುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. ಮಧ್ಯೆ ಕಾಕಾ ತಮ್ಮ ಊರು ಆಳಂದದ ಕಡೆಯ ಮಾತು ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಪುಣೆಗೆ ಬಂದ ಹೊಸದರಲ್ಲಿ ಅವರೂ ಮಾಲೀಕರ ಒಂದು ಭಟ್ಟಿ ಪಾವ್ ಪೂರ್ತಿ ಸುಟ್ಟಿದ್ದರಂತೆ. ಅದನ್ನು ಕೇಳಿ ಯಶ್ಮಿತಾಳಿಗೆ ತುಸು ಹಗುರವೆನಿಸಿತು.

ಎರಡನೇ ಸಲ ಕೈ ಹಿಡಿದಾಗ ಹುಲ್ಲು ದಾಟಿತು, ನೀರು ದಾಟಿತು. ಕಣಿವೆ ಬಂತು. ಯಶ್ಮಿತಾ ಒಂದು ಶಬ್ದವನ್ನೂ ಬಿಡದೆ ಹೇಳಿದಳು. ಕೈ ಬೆಚ್ಚಗೆ ನಿಂತೇ ಇತ್ತು. ಕತ್ತಲೆಯಲ್ಲಿ ಕುರುಬ ಜೊತೆಗೇ ಇದ್ದಾನೆ ಎನ್ನುವ ಮಾತು ಆ ಸಾಲಿನಲ್ಲೇ ಇದೆ ಎಂಬುದು ಅವಳಿಗೆ ಆಗ ಹೊಳೆಯಿತು. ಸಾಲನ್ನೇ ಹಾರಿಸುತ್ತಿದ್ದವಳಿಗೆ ಅದು ಸಿಗುವುದಾದರೂ ಹೇಗೆ? ಮೇಜು ಬಂತು. ಬಟ್ಟಲು ತುಂಬಿ ತುಳುಕಿತು. ಕೈ ಇನ್ನೂ ಅಲ್ಲೇ ಇತ್ತು.

"ಈಗ ಇಡ್ರಿ ಕಾಕಾ."

ಕಾಕಾ ಎರಡು ಟಿನ್ನನ್ನೂ ಒಳಗೆ ತಳ್ಳಿದರು. ಆಮೇಲೆ ಸುಟ್ಟ ಡಬ್ಬಿಯನ್ನು ಎತ್ತಿ, ಅದರ ಮೇಲೆ ಒಂದು ಒದ್ದೆ ಕಾಗದ ಮುಚ್ಚಿ, ಅದನ್ನೂ ಒಂದು ಮೂಲೆಗೆ ಇಟ್ಟರು. "ಒಳಗಿಂದಾದ್ರೂ ಬೇಯಲಿ," ಎಂದರು.

ಮನೆಯಲ್ಲಿ ಅಜ್ಜಿ ಡಬ್ಬಿಯನ್ನು ನೋಡಿ ಕನ್ನಡಕ ಏರಿಸಿಕೊಂಡರು. ಯಶ್ಮಿತಾ ನಡೆದದ್ದನ್ನೆಲ್ಲ ಹೇಳಿದಳು, ಖಾಲಿ ಮೂಲೆಯನ್ನೂ ಬಿಡದೆ. ಅಜ್ಜಿ ಬಹಳ ಹೊತ್ತು ಕೇಳಿಸಿಕೊಂಡರು.

"ಕಡೀಕ ಎಷ್ಟ್ ಹೊತ್ತಿಗೆ ಇಟ್ರಿ?" ಎಂದು ಮಾತ್ರ ಕೇಳಿದರು.

"ಪೂರ್ತಿ ಒಂದ್ ಕೀರ್ತನಿ ಕೈ ನಿಂತ ಮ್ಯಾಲ."

"ಪೂರ್ತಿ?"

"ಪೂರ್ತಿ, ಅಜ್ಜಿ."

ಸ್ಟೇಷನ್‌ಗೆ ಹೊರಡುವಾಗ ಅಜ್ಜಿ ಆ ಕೇಕನ್ನು ಹಂಚಿನ ಮೇಲೆ ಮತ್ತೆ ಬಿಸಿಮಾಡಿ, ಡಬ್ಬಿಯನ್ನು ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿ ಅವಳ ಕೈಗೆ ಕೊಟ್ಟರು.

ಸಂಜೆ ಐದಕ್ಕೆ ಪುಣೆ ಸ್ಟೇಷನ್ ತುಂಬಿ ಹೋಗಿತ್ತು. ಮಮ್ಮಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಪ್ರತಿ ಎರಡು ನಿಮಿಷಕ್ಕೆ ಫೋನ್ ನೋಡುವುದು, ಹಳಿಯ ಕಡೆ ಬಗ್ಗುವುದು. "ಈಗ ಮತ್ತ ಅರ್ಧ ತಾಸು ಲೇಟ್ ತೋರಿಸ್ಲಕತ್ತದ," ಎಂದರು ಅಳುವ ದನಿಯಲ್ಲಿ. "ಇವತ್ತ ಬರ್ತದೋ ಇಲ್ಲೋ."

"ಬರ್ತದ ಮಮ್ಮಿ," ಎಂದಳು ಯಶ್ಮಿತಾ. "ಇಲ್ಲಿ ಕೂಡ್ರಿ."

ಮಮ್ಮಿ ಆಶ್ಚರ್ಯದಿಂದ ಮಗಳ ಮುಖ ನೋಡಿದರು. ಬಸ್ಸು ಎರಡು ನಿಮಿಷ ತಡವಾದರೆ ರಸ್ತೆಯಲ್ಲೇ ಕುಣಿಯುವ ಹುಡುಗಿ ಇವಳೇನಾ ಎಂದುಕೊಂಡು ಪಕ್ಕದಲ್ಲಿ ಕೂತರು. ಯಶ್ಮಿತಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಮೊದಲನೇ ಸಲ ಮುಗಿಯಿತು. ಹತ್ತನೇ ಸಲ ಮುಗಿಯಿತು. ಆಮೇಲೆ ಅವಳು ಲೆಕ್ಕ ಇಡುವುದನ್ನೇ ಬಿಟ್ಟಳು.

ಇನ್ನೊಮ್ಮೆ ಕಣಿವೆಯ ಸಾಲಿನಲ್ಲಿದ್ದಾಗ ದೂರದಲ್ಲಿ ಎಂಜಿನ್ನಿನ ದೀಪ ಕಾಣಿಸಿತು. ಮಮ್ಮಿ ಗಡಬಡಿಸಿ ಎದ್ದರು. ರೈಲು ದೊಡ್ಡದು, ನಿಧಾನವಾಗಿ ಒಂದೊಂದೇ ಬೋಗಿ ದಾಟಿಸುತ್ತ ಬರುತ್ತಿತ್ತು. ಯಶ್ಮಿತಾ ಮೇಜಿನ ಸಾಲು ಹೇಳಿದಳು, ಬಟ್ಟಲಿನ ಸಾಲು ಹೇಳಿದಳು, ಮುಗಿಸಿ ಎದ್ದು ನಿಂತಳು. ಆಗ ಓಡಿದಳು ನೋಡಿ, ಮಮ್ಮಿಯನ್ನೂ ಹಿಂದೆ ಹಾಕಿ ಓಡಿದಳು.

ಪಪ್ಪಾ ಬಾಗಿಲಲ್ಲೇ ನಿಂತಿದ್ದರು. ಮುಖ ಕಪ್ಪಾಗಿತ್ತು, ಗಡ್ಡ ಬೆಳೆದಿತ್ತು, ನಗು ಮಾತ್ರ ಫೋನಿನಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದಿತ್ತು. ಹಸಿರು ಚೀಲವನ್ನು ಕೆಳಗೆ ಹಾಕಿ ಅವಳನ್ನು ಡಬ್ಬಿಯ ಸಮೇತ ಎತ್ತಿಕೊಂಡರು. ಮಮ್ಮಿ ಅವರ ತೋಳು ಹಿಡಿದುಕೊಂಡು ಅಳುತ್ತಲೇ ನಕ್ಕರು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪಪ್ಪಾ ಸೀರೆಯ ಗಂಟು ಬಿಚ್ಚಿದರು. "ಇದೇನವ್ವ, ಇಷ್ಟು ಕರ್ರಗ?"

"ಕಾವು ಇಳಿಯೋ ಮೊದ್ಲೇ ಒಳಗ ಇಟ್ಟುಬಿಟ್ಟೆ ಪಪ್ಪಾ. ನಾನೇ. ಅಂಬಾರಾಯ ಕಾಕಾಗ ಗೊತ್ತಿರಲಿಲ್ಲ."

ಪಪ್ಪಾ ಮೇಲಿನ ಕಪ್ಪು ಪದರನ್ನು ಉಗುರಿನಿಂದ ಬಿಡಿಸಿ, ನಡುವಿನ ತುಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಮೆಲ್ಲಗೆ ಅಗಿದರು. ಹೆಚ್ಚಿಗೆ ಹಾಕಿದ ಗೋಡಂಬಿ ಸಿಕ್ಕಿರಬೇಕು.

"ಒಳಗ ಚೊಲೋ ಬೆಂದದ," ಎಂದರು. ಇನ್ನೊಂದು ತುಂಡು ಮುರಿದು ಅವಳ ಬಾಯಿಗಿಟ್ಟರು. "ನನ್ನ ದಾರಿ ಭಾಳ ಹೊತ್ತು ಕಾದಿ ಏನು, ಯಶೂ?"

ಯಶ್ಮಿತಾ ಅಗಿಯುತ್ತ ಯೋಚಿಸಿದಳು. ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದ ತಾರೀಖುಗಳೆಲ್ಲ ನೆನಪಾದವು. ಕೇಕು ಇನ್ನೂ ಬೆಚ್ಚಗಿತ್ತು.

"ಇದು ಬೇಯೋವಷ್ಟು, ಪಪ್ಪಾ," ಎಂದಳು.